ಸಿಹಿ ನೀರು, ಸವಳು ನೀರು ಮತ್ತು ಫ್ಲೋರೈಡ್

ಎಂಟು-ಹತ್ತು ವರ್ಷದ ಹುಡುಗನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆಗಳು ಕಂಡರೆ ಅವನಿಗೆ ಮೊದಲು ಸಿಗುವುದು ಬೈಗುಳ. 'ಸರಿಯಾಗಿ ಹಲ್ಲು ತಿಕ್ಕುವುದಿಲ್ಲ' ಎಂದು ತಾಯಿ; 'ಗುಟ್ಕಾ ಕಲಿತಿದ್ದಾನೇನೋ' ಎಂದು ತಂದೆ. ಅದೇ ಮನೆಯ ಕಟ್ಟೆಯ ಮೇಲೆ ಕುಳಿತ ಅಜ್ಜ ಕುತ್ತಿಗೆ ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾನೆ. ಅದಕ್ಕೆ ವಯಸ್ಸು, ವಾತ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಇಬ್ಬರೂ ಹಲವು ವರ್ಷಗಳಿಂದ ಒಂದೇ ಕೊಳವೆ ಬಾವಿಯ ನೀರು ಕುಡಿಯುತ್ತಿದ್ದಾರೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಹೊಳೆಯದಿರಲು ಕಾರಣವೂ ಇದೆ. ಆ ನೀರು ತಿಳಿಯಾಗಿದೆ, ವಾಸನೆಯಿಲ್ಲ, ಅದರಲ್ಲಿ ಬೇಳೆ ಬೇಗ ಬೇಯುತ್ತದೆ, ಸಾಬೂನು ಚೆನ್ನಾಗಿ ನೊರೆ ಬರುತ್ತದೆ. ಊರವರ ಮಾತಿನಲ್ಲಿ ಅದು 'ಸಿಹಿ ನೀರು'.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗಕ್ಕೆ ಕೃಷ್ಣೆ, ಘಟಪ್ರಭೆ ಎರಡೂ ಇವೆ. ಆದರೂ ನದಿಯ ನೀರು ತಲುಪದ ಅಥವಾ ಬೇಸಿಗೆಯಲ್ಲಿ ನಿಂತುಹೋಗುವ ಕಡೆ ಜನ ನೆಚ್ಚಿಕೊಳ್ಳುವುದು ಕೊಳವೆ ಬಾವಿಯನ್ನೇ. ರಾಜ್ಯದಲ್ಲಿ ಅಂತರ್ಜಲದ ಫ್ಲೋರೈಡ್ ಅಲ್ಲಲ್ಲಿ ಮಿತಿ ಮೀರಿರುವ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. 'ಅಲ್ಲಲ್ಲಿ' ಎಂಬ ಮಾತು ಮುಖ್ಯ. ಈ ಫ್ಲೋರೈಡ್ ಯಾವ ಕಾರ್ಖಾನೆಯಿಂದಲೂ ಬಂದದ್ದಲ್ಲ. ನೆಲದಡಿಯ ಬಂಡೆಗಳ ಖನಿಜಗಳಿಂದ ನಿಧಾನವಾಗಿ ಕರಗಿ ಬರುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಫ್ಲೋರೈಡ್ ಅದರೊಡನೆ ಕೂಡಿ ಕೆಳಗೇ ಉಳಿಯುತ್ತದೆ. ಸುಣ್ಣ ಕಡಿಮೆಯಿರುವ ಮೆದು ನೀರಿನಲ್ಲಿ ಕರಗಿಯೇ ಇರುತ್ತದೆ. ಹೀಗಾಗಿ ಪಾತ್ರೆಗೆ ಬಿಳಿ ಪದರು ಕಟ್ಟುವ, ನಾವು ಮೂಗು ಮುರಿಯುವ ನೀರಿನಲ್ಲಿ ಫ್ಲೋರೈಡ್ ಕಡಿಮೆಯಿದ್ದು, ಪಕ್ಕದ ಓಣಿಯ 'ಸಿಹಿ ನೀರಿನಲ್ಲಿ' ಹೆಚ್ಚಿರುವುದು ಸಾಧ್ಯ. ಇದು ತಪ್ಪದ ನಿಯಮವೇನಲ್ಲ. ಆದರೆ ನಾಲಗೆಯನ್ನು ನಂಬಿ ತೀರ್ಮಾನಿಸಬಾರದು ಎನ್ನಲು ಇಷ್ಟು ಸಾಕು.

ಹಾಗೆಂದು ಕೊಳವೆ ಬಾವಿಯನ್ನು ಹಳಿಯುವುದೂ ಸರಿಯಲ್ಲ. ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣು ನೆನಪಿರಬಹುದು. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಲ್ಲಿ ರೋಗಿಯ ಕಾಲಿನಿಂದ ಹುಳುವಿನ ಮರಿಗಳು ನೀರಿಗೆ ಸೇರಿ, ಅಲ್ಲಿನ ಸೂಕ್ಷ್ಮ ಜೀವಿಗಳ ಹೊಟ್ಟೆ ಹೊಕ್ಕು, ಆ ನೀರು ಕುಡಿದವರ ಮೈಯಲ್ಲಿ ಮಾರುದ್ದ ಬೆಳೆಯುತ್ತಿದ್ದವು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಈ ಗೆಲುವಿನಲ್ಲಿ ಕೈಪಂಪಿನ ಪಾಲು ದೊಡ್ಡದು. ವಾಂತಿಭೇದಿಯಿಂದ ಉಳಿದ ಜೀವಗಳ ಲೆಕ್ಕ ಬೇರೆ. ನಾವು ತಪ್ಪಿದ್ದು ಕೊರೆದದ್ದರಲ್ಲಲ್ಲ. ಕೊರೆದ ಮೇಲೆ ನೀರು ಎಷ್ಟು ಇಂಚು ಬಂತು ಎಂದು ಅಳೆದವರು, ಅದರಲ್ಲಿ ಏನಿದೆ ಎಂದು ಅಳೆಯಲಿಲ್ಲ.

ಹಲ್ಲಿನ ಈ ಕಲೆಗೆ ನೀರೇ ಕಾರಣವೆಂದು ತಿಳಿದ ಬಗೆ ಸ್ವಾರಸ್ಯಕರವಾಗಿದೆ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಬಂದ ಯುವ ದಂತವೈದ್ಯ ಫ್ರೆಡರಿಕ್ ಮೆಕೇ, ಅಲ್ಲೇ ಹುಟ್ಟಿ ಬೆಳೆದವರ ಹಲ್ಲುಗಳು ಕಂದಾಗಿರುವುದನ್ನು ಕಂಡ. ಕಾರಣ ಹುಡುಕುತ್ತಾ 1923ರಲ್ಲಿ ಐಡಾಹೊ ರಾಜ್ಯದ ಓಕ್ಲಿ ಎಂಬ ಸಣ್ಣ ಊರಿಗೆ ಹೋದ. ದೂರದ ಬಿಸಿನೀರಿನ ಬುಗ್ಗೆಯೊಂದರಿಂದ ನಲ್ಲಿ ಹಾಕಿಸಿದ ಮೇಲೆಯೇ ಮಕ್ಕಳಲ್ಲಿ ಕಲೆ ಶುರುವಾಯಿತು ಎಂದು ಅಲ್ಲಿನ ತಾಯ್ತಂದೆಯರು ಹೇಳಿದರು. ಆ ನೀರನ್ನು ಪರೀಕ್ಷಿಸಿದರೆ ಅಂದಿನ ವಿಧಾನಗಳಿಗೆ ಏನೂ ಸಿಕ್ಕಲಿಲ್ಲ. ಆದರೂ ಬೇರೆ ಬುಗ್ಗೆಯ ನೀರು ತನ್ನಿ ಎಂದು ಮೆಕೇ ಸಲಹೆಯಿತ್ತ, ಊರಿನವರು ಒಪ್ಪಿದರು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಸ್ವಚ್ಛ ಹಲ್ಲು ಬರತೊಡಗಿದವು. ಕಾರಣ ಫ್ಲೋರೈಡ್ ಎಂದು ರಸಾಯನತಜ್ಞ ಚರ್ಚಿಲ್ ಪತ್ತೆ ಹಚ್ಚಿದ್ದು 1931ರಲ್ಲಿ, ಅಲ್ಯೂಮಿನಿಯಂ ಕಂಪನಿಯೊಂದರ ಪ್ರಯೋಗಾಲಯದಲ್ಲಿ. ಹೋಲಿಕೆ ಸರಿಯಾಗಿದ್ದರೆ ಕೊನೆಯ ಪುರಾವೆ ಬರುವ ಮೊದಲೇ ಆಡಳಿತ ಹೆಜ್ಜೆ ಇಡಬಹುದು ಎಂಬುದಕ್ಕೆ ಓಕ್ಲಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ನಮ್ಮ ದೇಶದಲ್ಲಿ ಮೂಳೆಯ ಫ್ಲೋರೋಸಿಸ್ ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಅಲ್ಲಿ ಮೊದಲು ಕುಂಟಿದ್ದು ಎತ್ತುಗಳು ಎನ್ನುತ್ತಾರೆ.

ಈಗ ಪ್ರಮಾಣದ ಮಾತು. ಫ್ಲೋರೈಡ್ ವಿಷವೇ? ಟೂತ್‌ಪೇಸ್ಟಿನಲ್ಲಿ ಅದನ್ನು ಬೇಕೆಂದೇ ಹಾಕುತ್ತಾರೆ. ಸ್ವಲ್ಪ ಇದ್ದರೆ ಹುಳುಕು ತಡೆಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸೈರಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಆದರೆ ಕುಡಿಯುವ ನೀರಿನ ಅಳತೆಗಳನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಲೀಟರ್ ಎಂಬ ಲೆಕ್ಕದಲ್ಲಿ ನೋಡುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಮುಧೋಳದ ಕಬ್ಬಿನ ಗದ್ದೆಯಲ್ಲಿ ದುಡಿಯುವವರಿಗೆ ಎರಡು ಲೀಟರ್ ಎಲ್ಲಿಗೆ ಸಾಲುತ್ತದೆ? ಐದು ಲೀಟರ್ ಕುಡಿದರೆ 1.5ರ ನೀರಿನಿಂದಲೇ ದಿನಕ್ಕೆ 7.5 ಮಿಲಿಗ್ರಾಂ ಮೈಗೆ ಸೇರಿತು. ಎರಡು ಲೀಟರ್ ಕುಡಿಯುವವರಿಗೆ ಸೇರುವುದು 3. ಬಾವಿ ಒಂದೇ, ಅಪಾಯ ಬೇರೆ. ಇದರ ಮೇಲೆ ದಿನಕ್ಕೆ ನಾಲ್ಕಾರು ಕಪ್ ಚಹಾ ಬಂದರೆ ಚಹಾ ಎಲೆಯ ಫ್ಲೋರೈಡೂ ಕೂಡಿತು. ಊಟದಲ್ಲಿ ಹಾಲು, ಮೊಸರು, ಸೊಪ್ಪು, ನೆಲ್ಲಿ-ಲಿಂಬೆ ಇಲ್ಲದ ಬಡ ಮನೆಗಳಲ್ಲಿ ಹಾನಿ ಹೆಚ್ಚು.

ಹಲ್ಲಿನ ಕಲೆ ಮೂಡುವುದು ಹಲ್ಲು ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ. ಒಮ್ಮೆ ಮೂಡಿದರೆ ತಿಕ್ಕಿದರೆ ಹೋಗದು. ಮೂಳೆಯ ತೊಂದರೆ ಕಾಣುವುದು ಸಾಮಾನ್ಯವಾಗಿ ಲೀಟರಿಗೆ 3ರಿಂದ 6 ಮಿಲಿಗ್ರಾಂ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ. ಆದ್ದರಿಂದ ಊರಿನ ಎಲ್ಲ ಮಂಡಿನೋವನ್ನೂ ಫ್ಲೋರೈಡಿನ ತಲೆಗೆ ಕಟ್ಟುವಂತಿಲ್ಲ. ಮುಂಗೈಯ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದೆಯೇ, ಮೂತ್ರದಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ವೈದ್ಯರು ನೋಡುತ್ತಾರೆ. ಭಯ ಹಬ್ಬಿಸುವುದೂ ಒಂದು ಬಗೆಯ ಅಜ್ಞಾನವೇ. ಹೆದರಿ ಕೈಪಂಪು ಬಿಟ್ಟವರು ಹಳ್ಳದ ನೀರಿಗೆ ಹೋದರೆ ವಾಂತಿಭೇದಿ ವರ್ಷಗಳ ತನಕ ಕಾಯುವುದಿಲ್ಲ.

ಅಳತೆ ಕೈಗೆ ಬಂದರೆ ಊರಿನ ಹಣ ಎಲ್ಲಿ ಹಾಕಬೇಕೆಂದು ತಿಳಿಯುತ್ತದೆ. ಬಾಂಗ್ಲಾದೇಶದಲ್ಲಿ ಅತಿಸಾರ ತಡೆಯಲೆಂದು ಕೊರೆದ ಬಾವಿಗಳಲ್ಲಿ 1993ರಲ್ಲಿ ಆರ್ಸೆನಿಕ್ ಪತ್ತೆಯಾಯಿತು. 2000ದ ಆಸುಪಾಸಿನ ವರ್ಷಗಳಲ್ಲಿ ಸುಮಾರು 50 ಲಕ್ಷ ಬಾವಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟದ್ದಕ್ಕೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಳಿದರು. ಕೆಂಪು ಬಾವಿಯ ಕೂಗಳತೆಯಲ್ಲೇ ಹಸಿರು ಬಾವಿ ಸಿಕ್ಕ ಮನೆಗಳೆಷ್ಟೋ! ನಮ್ಮಲ್ಲೂ ಬಣ್ಣದ ಒಂದು ಡಬ್ಬಿಗೆ ಎಷ್ಟಾದೀತು? ಕೆಂಪು ಬಾವಿಯ ನೀರು ಸ್ನಾನಕ್ಕೆ, ಬಟ್ಟೆಗೆ ಧಾರಾಳವಾಗಿ ಆಗುತ್ತದೆ. ಕುಡಿಯಲು, ಅಡುಗೆಗೆ ಬೇಕಾಗುವ ನಾಲ್ಕು ಕೊಡ ಮಾತ್ರ ಬೇರೆಡೆಯಿಂದ ಬರಬೇಕು. ಅದೂ ಮೊದಲು ಅಂಗನವಾಡಿಗೆ, ಪ್ರಾಥಮಿಕ ಶಾಲೆಯ ಬಿಸಿಯೂಟದ ಕೋಣೆಗೆ, ಏಕೆಂದರೆ ಹಲ್ಲು ಕೆಡುವ ವಯಸ್ಸಿನವರು ಅಲ್ಲಿದ್ದಾರೆ. ಶುದ್ಧ ನೀರಿನ ಘಟಕಗಳು ಫ್ಲೋರೈಡನ್ನು ಚೆನ್ನಾಗಿಯೇ ತೆಗೆಯುತ್ತವೆ, ಪೊರೆ ಹಳತಾಗುವ ತನಕ. ಘಟಕ ಉದ್ಘಾಟಿಸಿದ ದಿನದ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಪೊರೆ ಬದಲಿಸಿದ ದಿನದ್ದನ್ನು ನಾನಂತೂ ನೋಡಿಲ್ಲ.

ಇದೇ ವಿವೇಚನೆ ಇತರ ಭಯಗಳಿಗೂ ಬೇಕು. ನೇಕಾರರ ಊರಾದ ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕಿದ ನೀರು ಗಟಾರದಲ್ಲಿ ಹರಿದರೆ ಕಣ್ಣಿಗೆ ಬೇಗ ಬೀಳುತ್ತದೆ. ಅದು ನಿರಪಾಯವೆಂದಲ್ಲ, ಯಾವ ಬಣ್ಣ, ಹತ್ತಿರದ ಬಾವಿಗೆ ಇಳಿದಿದೆಯೇ ಎಂದು ನೋಡಲೇಬೇಕು. ಆದರೆ ಕಬ್ಬಿಗೆ ಸುರಿದ ಯೂರಿಯಾದಿಂದ ಬಾವಿಗಿಳಿಯುವ ನೈಟ್ರೇಟಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರಿನಲ್ಲಿ ಪುಡಿ ಹಾಲು ಕಲಸಿ ಕುಡಿಸಿದರೆ ಆರು ತಿಂಗಳೊಳಗಿನ ಕೂಸು ಉಸಿರಿಗೆ ತಿಣುಕಿ ನೀಲಿಗಟ್ಟಬಹುದು. ತಾಯಿಯ ಹಾಲು ಕುಡಿಯುವ ಕೂಸಿಗೆ ಈ ಹೆದರಿಕೆಯಿಲ್ಲ.

ಕುದಿಸುವುದರಿಂದ ಕ್ರಿಮಿ ಸಾಯುತ್ತದೆ. ಫ್ಲೋರೈಡ್, ನೈಟ್ರೇಟ್ ಎರಡೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತವೆ. ಕ್ಯಾಂಡಲ್ ಫಿಲ್ಟರಿನಿಂದಲೂ ಪ್ರಯೋಜನವಿಲ್ಲ. ಪಟಿಕ, ಸುಣ್ಣ ಬೆರೆಸಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿದೆ. ಆದರೆ ಅಳತೆ ತಪ್ಪಿದರೆ ಅಲ್ಯೂಮಿನಿಯಂ ನೀರಲ್ಲೇ ಉಳಿಯುವುದರಿಂದ ಕೇಳಿ ತಿಳಿದವರು ಮನೆಯಲ್ಲಿ ಮಾಡಹೋಗಬಾರದು. ಚಾವಣಿಯ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ಪರೀಕ್ಷೆ ಮಾಡಿಸುವುದು ಕಷ್ಟವಲ್ಲ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್‌ನಿಂದ ನೀರು ಪರೀಕ್ಷಿಸುವ ತರಬೇತಿ ನೀಡುವ ಏರ್ಪಾಡಿದೆ, ಪಂಚಾಯತಿಯಲ್ಲಿ ವಿಚಾರಿಸಿ. ಕಿಟ್‌ನಲ್ಲಿ ಬಣ್ಣ ಅನುಮಾನ ತೋರಿದರೆ ಸರಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಬೇಕು. ಪಂಪನ್ನು ಐದು ನಿಮಿಷ ಓಡಿಸಿ, ಶುಚಿಯಾದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಕಂಠಮಟ್ಟ ತುಂಬಿ ಮುಚ್ಚಿ. ಬಾವಿಯ ಗುರುತು, ಆಳ, ದಿನಾಂಕ ಬರೆದು ಅಂಟಿಸಿ. ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಮಾಡಿಸಿದರೆ ಒಳ್ಳೆಯದು, ಅಂಕಿ ಎರಡು ಕಾಲಕ್ಕೂ ಒಂದೇ ಇರುವುದಿಲ್ಲ. ವರದಿ ಕೊಡುವಾಗ 'ಕುಡಿಯಲು ಯೋಗ್ಯ' ಎಂಬ ಷರಾ ಒಂದನ್ನೇ ಬರೆದಿದ್ದರೆ, ಫ್ಲೋರೈಡ್ ಎಷ್ಟು ಬಂತು, ನೈಟ್ರೇಟ್ ಎಷ್ಟು ಬಂತು ಎಂದು ಅಂಕಿಗಳನ್ನೂ ಕೇಳಿ ಬರೆಸಿಕೊಳ್ಳಿ.