ಬಣ್ಣಕ್ಕೆ ಮುನ್ನ

ಹಳೆಯ ವಾಹನವೊಂದು ಹೊಸ ಬಣ್ಣ ತಳೆದು ಬೀದಿಗಿಳಿದಾಗ ನಾವೆಲ್ಲ ಅದರ ಹೊಳಪನ್ನು ಮೆಚ್ಚುತ್ತೇವೆ. ಎಷ್ಟು ಖರ್ಚಾಯಿತೆಂದು ವಿಚಾರಿಸುತ್ತೇವೆ. ಆ ಬಣ್ಣದ ಕೆಳಗೆ ಏನಿದೆಯೆಂದು ಕೇಳುವವರು ವಿರಳ. ಕೇಳಬೇಕಾದುದು ಅದನ್ನೇ ಎಂಬ ಪಾಠವನ್ನು ನನಗೆ ಕಲಿಸಿದ್ದು ನನ್ನ ಬಜಾಜ್ ಚೇತಕ್ ಸ್ಕೂಟರು.

1987ರಲ್ಲಿ ಕೊಂಡ ಗಾಡಿ ಅದು. ನನ್ನ ಮನೆ ಬೆಳಗಾವಿಯಲ್ಲಿ; ಪಾಠ ಹೇಳುತ್ತಿದ್ದ ಕಾಲೇಜು ಖಾನಾಪುರದಲ್ಲಿ. ನಡುವಿನ ಸುಮಾರು 26 ಕಿಲೋಮೀಟರು ದಾರಿಯನ್ನು ನಾವಿಬ್ಬರೂ ಎಷ್ಟು ಸಲ ಸವೆಸಿದೆವೋ ಲೆಕ್ಕವಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಖಾನಾಪುರ ತಾಲ್ಲೂಕಿನದೇ. ಆ ಸೀಮೆಯ ಮಳೆಗಾಲದಲ್ಲಿ ಸ್ಕೂಟರಿನ ಕಾಲಿಡುವ ತಳಕ್ಕೆ ಹಾಸಿದ ರಬ್ಬರಿನ ಅಡಿಯಲ್ಲಿ ನೀರು ಆರುವ ಮಾತೇ ಇಲ್ಲ.

ಕಬ್ಬಿಣಕ್ಕೆ ನೀರೂ ಗಾಳಿಯ ಆಮ್ಲಜನಕವೂ ಒಟ್ಟಿಗೆ ದೊರೆತರೆ ತುಕ್ಕು ಹುಟ್ಟುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಆದ್ದರಿಂದಲೇ ಅದು ಬಣ್ಣವನ್ನು ಒಳಗಿನಿಂದ ಎತ್ತಿ ಬೊಬ್ಬೆಯಾಗಿಸುತ್ತದೆ. ಸಡಿಲವಾದ ಅದರ ಪದರಗಳು ಮತ್ತೆ ನೀರನ್ನು ಹಿಡಿದಿಟ್ಟುಕೊಂಡು, ಕೆಳಗಿನ ತಗಡನ್ನೂ ತಿನ್ನುತ್ತ ಹೋಗುತ್ತವೆ.

ಇದನ್ನರಿಯದ ನಾನು, ಕೆಲವು ವರ್ಷಗಳ ಹಿಂದೆ, ಒಂದು ಗ್ಯಾರೇಜಿನಲ್ಲಿ ಸ್ಕೂಟರಿಗೆ ಬಣ್ಣ ಹಚ್ಚಿಸಿದೆ. ಮೂರೇ ದಿನಕ್ಕೆ ಕನ್ನಡಿಯಂತೆ ಹೊಳೆಯುತ್ತ ಬಂದಿತು. ಎರಡನೆಯ ಮಳೆಗಾಲಕ್ಕೆ ಬೊಬ್ಬೆಗಳೆದ್ದವು. ಒಂದು ಸಂಜೆ ಮೊಮ್ಮಗಳನ್ನು ಮುಂದೆ ನಿಲ್ಲಿಸಿಕೊಂಡು ಹೊರಟಿದ್ದೆ. ತಿರುವಿನಲ್ಲಿ ಬ್ರೇಕು ತುಳಿದರೆ, ಗಾಡಿ ನಿಲ್ಲುವ ಬದಲು ಪೆಡಲಿನೊಂದಿಗೆ ತಳವೇ ಕೆಳಗೆ ಬಾಗಿತು. ಕೈಬ್ರೇಕು ನಮ್ಮನ್ನುಳಿಸಿತು. ಮಗುವಿನ ಪಾದದ ಕೆಳಗೆ ನಾನು ಉಕ್ಕೆಂದು ನಂಬಿದ್ದುದು ಬಹುಪಾಲು ಪುಟ್ಟಿಯಾಗಿತ್ತು!

ಚೇತಕ್ಕಿಗೆ ಬೇರೆ ಚೌಕಟ್ಟಿಲ್ಲ. ಅಚ್ಚೊತ್ತಿದ ಉಕ್ಕಿನ ತಗಡುಗಳನ್ನು ಬೆಸೆದ ಮೈಯೇ ಅದರ ಎಲುಬು. ಅಂಥಲ್ಲಿ ತಳದ ತುಕ್ಕು ಅಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಖಾನಾಪುರ ರಸ್ತೆಯಲ್ಲಿಯೇ ಇರುವ ಉದ್ಯಮಬಾಗಿನ ಕಡೆಯ ಒಬ್ಬ ಹಿರಿಯ ಕೆಲಸಗಾರರ ಬಳಿಗೆ ಗಾಡಿಯನ್ನು ತಳ್ಳಿಸಿಕೊಂಡು ಹೋದೆ. ಅವರು ಮೊದಲು ಮಾಡಿದ್ದು, ಮಡಕೆ ಕೊಳ್ಳುವವರಂತೆ ಮೈಯನ್ನೆಲ್ಲ ಬೆರಳಿನಿಂದ ಬಡಿದು ಕೇಳಿದ್ದು. ಅನಂತರ ಒಂದು ಅಯಸ್ಕಾಂತವನ್ನು ಹರಿದಾಡಿಸಿದರು. ಉಕ್ಕಿದ್ದಲ್ಲಿ ಅದು ಅಂಟಿತು. ಪುಟ್ಟಿ ದಪ್ಪಗಿದ್ದಲ್ಲಿ ಜಾರಿ ಬಿದ್ದಿತು.

ಆಮೇಲೆ ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿಟ್ಟು, ಬಣ್ಣವನ್ನೆಲ್ಲ ಕೆರೆದು, ತಗಡು ಬೆಳ್ಳಗೆ ಕಾಣುವ ತನಕ ತುಕ್ಕನ್ನು ತೆಗೆದರು. ಗ್ರಂಥಸಂಪಾದನೆಯಲ್ಲಿ ಪ್ರಕ್ಷಿಪ್ತಗಳನ್ನು ಬಿಡಿಸುತ್ತ ಮೂಲಪಾಠವನ್ನು ಅರಸಿದ ನನಗೆ ಈ ಕೆಲಸ ಪರಿಚಿತವೆನಿಸಿತು. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ತಗಡನ್ನು ಬೆಸೆದರು. ಬೆಸುಗೆಯನ್ನು ಒಂದೇ ಎಳೆಯಲ್ಲಿ ಹಾಕಲಿಲ್ಲ. ಕಾವಿಗೆ ತಗಡು ಸೊಟ್ಟಗಾಗದಂತೆ ಇಲ್ಲೊಂದು ಅಲ್ಲೊಂದು ಚುಕ್ಕೆಯಿಟ್ಟು ಕೂಡಿಸಿದರು. ತಗ್ಗುಗಳಿಗೆ ಹಿಂದಿನಿಂದ ಉಕ್ಕಿನ ದಿಮ್ಮಿ ಹಿಡಿದು, ಅಂಚಿನಿಂದ ನಡುವಿನತ್ತ ಸಣ್ಣಸಣ್ಣ ಪೆಟ್ಟು ಕೊಟ್ಟರು.

ಹಾಗಾದರೆ ಪುಟ್ಟಿ ಬೇಡವೆ? ಬೇಕು. ಆದರೆ ಅದರ ಕೆಲಸ ಮೈಯನ್ನು ನುಣುಪು ಮಾಡುವುದು, ಮೈಯಾಗುವುದಲ್ಲ. ಎರಡು ಮೂರು ಮಿಲಿಮೀಟರಿಗಿಂತ ದಪ್ಪ ಸಲ್ಲದು. ಅದು ನೀರು ಹೀರುವ ಪದಾರ್ಥವಾದ್ದರಿಂದ ಒಣದಾಗಿಯೇ ತಿಕ್ಕಬೇಕು. ಮೊದಲು 80ರ ಕಾಗದ, ಆಮೇಲೆ 180. ಅಂಕಿ ಏರಿದಂತೆ ಕಾಗದ ನಯ. ಪ್ರೈಮರ್ ಬಳಿದು ಒಣಗಿದ ಮೇಲೆ 400ರ, 600ರ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ತಿಕ್ಕುವುದು. ನಡುವೆ ಕಪ್ಪು ಬಣ್ಣವನ್ನು ಮಂಜಿನಂತೆ ತೆಳ್ಳಗೆ ಸಿಂಪಡಿಸಿ ತಿಕ್ಕಿದರು. ಕಪ್ಪು ಉಳಿದಲ್ಲಿ ತಗ್ಗು, ಬೇಗನೆ ಅಳಿಸಿದಲ್ಲಿ ಉಬ್ಬು. ಕಣ್ಣು ತಪ್ಪಿಸಿಕೊಂಡ ದೋಷ ಹೀಗೆ ಸಿಕ್ಕಿಬೀಳುತ್ತದೆ.

ಇಷ್ಟಾದರೂ ಬಣ್ಣಕ್ಕೆ ಅವರು ಅವಸರಪಡಲಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಲ್ಯಾಕರ್ ಬಣ್ಣ ಒಣಗುವಾಗ ತಣ್ಣಗಾಗಿ, ತೇವ ಅದರ ಮೇಲೆ ಕೂತು ಬಿಳಿಚಿಕೊಳ್ಳುತ್ತದೆ. ಮಳೆ ಸಂಪೂರ್ಣ ಹಿಂದೆಗೆದ ಮೇಲೆಯೇ ಕೈಹಚ್ಚುವುದೆಂದರು. ಆದರೆ ಬರಿಯ ತಗಡನ್ನು ಮಾತ್ರ ಒಂದು ರಾತ್ರಿಯೂ ತೆರೆದಿಡಲಿಲ್ಲ. ಪ್ರೈಮರ್ ಬಳಿಯುವ ಮುನ್ನ ನನಗೆ ಹೇಳಿಕಳಿಸಿದರು: "ಸರ್, ಒಮ್ಮೆ ಬಂದು ನೋಡಿ ಹೋಗ್ರಿ. ಆಮ್ಯಾಲೆ ಕಾಣಂಗಿಲ್ಲ."

ಹೋದೆ. ಬಣ್ಣವಿಲ್ಲದ, ಬೆಸುಗೆಯ ಕಲೆಗಳುಳ್ಳ ಆ ತಳದ ಮೇಲೆ ಅವರೇ ಹತ್ತಿ ನಿಂತು ತೋರಿಸಿದರು. ಹಳೆಯ ವಾಹನವನ್ನು ಹೊಸದು ಮಾಡಿಸುವ ಕೇಳುಗರಲ್ಲಿ ನನ್ನ ವಿನಂತಿ ಇಷ್ಟೆ: ಕೆಲಸ ಒಪ್ಪಿಸುವಾಗಲೇ, ಬಣ್ಣಕ್ಕೆ ಮುನ್ನ ಬಂದು ನೋಡುವೆನೆಂದು ಹೇಳಿರಿ. ಬೇಡವೆಂದವರಲ್ಲಿ ಗಾಡಿ ಬಿಡಬೇಡಿರಿ.

ಕೆಲಸ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಅನಂತರ ಮೂರು ಮಳೆಗಾಲ ಕಳೆದಿವೆ, ಬೊಬ್ಬೆ ಎದ್ದಿಲ್ಲ. ಆದರೂ ಮಳೆಯಲ್ಲಿ ತಿರುಗಿ ಬಂದ ರಾತ್ರಿ ರಬ್ಬರಿನ ಹಾಸನ್ನೆತ್ತಿ ತಳವನ್ನು ಒರೆಸಿಯೇ ಮಲಗುತ್ತೇನೆ. ಮೊಮ್ಮಗಳು ಈಗ ಹಿಂದಿನ ಸೀಟಿನಲ್ಲಿ ಕೂಡುವಷ್ಟು ಬೆಳೆದಿದ್ದಾಳೆ.