ಎಂಜಿನ್ ಕೂರುವ ಹಲಗೆ: ರಿಪೇರಿ ಮಾಡುವುದೋ, ಬಿಡುವುದೋ?

ಗೆಳೆಯರೇ, ನಮ್ಮ ಊರಿನ ಅರ್ಧದಷ್ಟು ಮನೆಗಳ ಅನ್ನ ಸಮುದ್ರದಿಂದ ಬರುತ್ತದೆ. ಬಲೆ, ಎಂಜಿನ್, ಬಂಗುಡೆಯ ರೇಟು, ಇವುಗಳ ಮಾತನ್ನು ನಾವು ದಿನಾ ಕೇಳುತ್ತೇವೆ. ಆದರೆ ಫೈಬರ್ ದೋಣಿಯ ಹಿಂಬದಿಯಲ್ಲಿ ಎಂಜಿನ್ ಕಚ್ಚಿಸುವ ಹಲಗೆಯ ಬಗ್ಗೆ, ಅದು ಮುರಿಯುವ ತನಕ ಯಾರೂ ಮಾತಾಡುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಟ್ರಾನ್ಸಮ್ ಎನ್ನುತ್ತಾರೆ. ಇದು ಕೆಟ್ಟರೆ ರಿಪೇರಿ ಮಾಡಬೇಕೋ, ದೋಣಿಯನ್ನೇ ಬಿಡಬೇಕೋ ಎಂದು ತೀರ್ಮಾನಿಸುವುದು ಹೇಗೆ? ತಿಳಿದವರನ್ನು ಕೇಳಿ, ಕಣ್ಣಾರೆ ನೋಡಿ ಇಲ್ಲಿ ಬರೆದಿದ್ದೇನೆ.

ಹಲಗೆಯ ಒಳಗೆ ಏನುಂಟು?

ಹೊರಗಿನಿಂದ ನೋಡಿದರೆ ಎಲ್ಲಾ ಫೈಬರ್ ಎಂದೇ ಕಾಣುತ್ತದೆ. ಆದರೆ ಹೆಚ್ಚಿನ ದೋಣಿಗಳಲ್ಲಿ ಈ ಜಾಗದಲ್ಲಿ ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುತ್ತದೆ, ಬ್ರೆಡ್ಡಿನ ನಡುವೆ ಪಲ್ಯ ಇಟ್ಟ ಹಾಗೆ. ಪದರ ಗಟ್ಟಿ ಇದ್ದು ಒಳಗಿನ ಮರ ಕೊಳೆತರೆ ಹಲಗೆಗೆ ಶಕ್ತಿ ಇಲ್ಲ. "ಮೇಲೆ ಥಳಕು, ಒಳಗೆ ಹುಳುಕು" ಎಂಬ ಗಾದೆ ಇದಕ್ಕೇ ಹೇಳಿದ ಹಾಗಿದೆ.

ನೀರು ಒಳಗೆ ಹೋಗುವುದು ಬೋಲ್ಟಿನ ತೂತುಗಳಿಂದ. ಎಂಜಿನ್ ನಡುಗಿ ನಡುಗಿ ತೂತು ಸಡಿಲವಾಗುತ್ತದೆ. ಒಂದು ಆಶ್ಚರ್ಯ ಏನೆಂದರೆ, ಮರ ಕೊಳೆಯಲು ಉಪ್ಪುನೀರಿಗಿಂತ ಮಳೆನೀರೇ ಹೆಚ್ಚು ಕಾರಣ. ಮರವನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ತೇವವೂ ಗಾಳಿಯೂ ಬೇಕು. ಉಪ್ಪು ಅದಕ್ಕೆ ಆಗುವುದಿಲ್ಲ. ಮರದ ತೇವಾಂಶ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯುವುದಿಲ್ಲ. ಹಾಗಾಗಿ ಸಮುದ್ರಕ್ಕೆ ಹೋಗುವ ದೋಣಿಗಿಂತ, ದಡದಲ್ಲಿ ಮಳೆನೀರು ತುಂಬಿಕೊಂಡು ಕೂತ ದೋಣಿ ಬೇಗ ಹಾಳಾಗುತ್ತದೆ.

ಹಲಗೆಯ ಮೇಲೆ ಎಷ್ಟು ಭಾರ?

ವಿಜ್ಞಾನ ಪಾಠದ ಸನ್ನೆಕೋಲು ನೆನಪು ಮಾಡಿಕೊಳ್ಳಿ. ಸುಮಾರು 10 ಅಶ್ವಶಕ್ತಿಯ ಎಂಜಿನ್ 35-40 ಕಿಲೋ ತೂಗುತ್ತದೆ. ಆದರೆ ತೂಕಕ್ಕಿಂತ ದೊಡ್ಡದು ಅದರ ತಳ್ಳುವ ಬಲ. ಒಂದು ಲೆಕ್ಕ ಮಾಡೋಣ. ಪಂಕ 100 ಕಿಲೋ ಬಲದಲ್ಲಿ ಮುಂದಕ್ಕೆ ತಳ್ಳುತ್ತದೆ ಎಂದು ಇಟ್ಟುಕೊಳ್ಳಿ. ಎಂಜಿನ್ನಿನ ಕಚ್ಚು ಹಲಗೆಯ ತುದಿಯಲ್ಲಿದೆ. ಅದರಿಂದ 30 ಸೆಂ.ಮೀ. ಕೆಳಗೆ ಎಂಜಿನ್ ಹಲಗೆಗೆ ಒರಗುತ್ತದೆ. ಅಲ್ಲಿಂದ ಇನ್ನೂ 30 ಸೆಂ.ಮೀ. ಕೆಳಗೆ ಪಂಕ. ಆಗ ಹಲಗೆಯ ತುದಿಯನ್ನು 100 ಕಿಲೋ ಬಲ ಹಿಂದಕ್ಕೆ ಎಳೆಯುತ್ತದೆ, ಒರಗಿದ ಜಾಗವನ್ನು 200 ಕಿಲೋ ಬಲ ಮುಂದಕ್ಕೆ ಒತ್ತುತ್ತದೆ! ತೆರೆಯ ಮೇಲಿಂದ ದೋಣಿ ಧೊಪ್ಪೆಂದು ಬಿದ್ದಾಗ ಇದಕ್ಕಿಂತಲೂ ಹೆಚ್ಚು. ಕೊಳೆತ ಹಲಗೆ ಇದನ್ನು ಎಷ್ಟು ದಿನ ತಡೆದೀತು?

ಪರೀಕ್ಷೆ ಮಾಡುವ ಕ್ರಮ

1. ನಾಣ್ಯದಿಂದ ಹಲಗೆಯ ಉದ್ದಗಲಕ್ಕೂ ಬಡಿಯಿರಿ. ಟಣ್ ಟಣ್ ಎಂದರೆ ಒಳ್ಳೆಯದು. ಡಬ್ ಡಬ್ ಎಂದರೆ ಒಳಗೆ ಪೊಳ್ಳು ಅಥವಾ ಒದ್ದೆ. ಸೀಮೆಸುಣ್ಣದಿಂದ ಆ ಜಾಗಕ್ಕೆ ಗೆರೆ ಹಾಕಿ.

2. ಎಂಜಿನ್ ಕೂರಿಸಿದ ಮೇಲೆ ಅದರ ಕೆಳಭಾಗ ಹಿಡಿದು ಮೇಲೆ ಕೆಳಗೆ ಜಗ್ಗಿ. ಆಗ ಇನ್ನೊಬ್ಬರು ಹಲಗೆಯನ್ನೇ ನೋಡುತ್ತಿರಬೇಕು. ಹಲಗೆ ಬಳುಕಿದರೆ ಅಪಾಯ.

3. ಹಲಗೆ ಎರಡೂ ಪಕ್ಕಕ್ಕೆ ಸೇರುವ ಮೂಲೆಯಲ್ಲಿ ಬಿರುಕು ಉಂಟಾ ನೋಡಿ. ಬೋಲ್ಟಿನ ವಾಶರ್ ಒಳಗೆ ಹೂತು ಹೋಗಿದೆಯಾ ನೋಡಿ.

4. ಕೊನೆಗೆ ಒಳಬದಿಯಿಂದ, ಕೆಳಗಡೆ ಒಂದೆರಡು ಸಣ್ಣ ತೂತು ಕೊರೆಯಿರಿ. ಬರುವ ಪುಡಿ ಒಣಗಿ ಬಿಳಿಚಿದ್ದರೆ ಮರ ಚೆನ್ನಾಗಿದೆ. ಕಪ್ಪಾಗಿ, ಒದ್ದೆಯಾಗಿ, ಹುಳಿ ವಾಸನೆ ಬಂದರೆ ಕೊಳೆತಿದೆ. ಹೊರಗಿನ ಪದರ ತೂತಾಗದ ಹಾಗೆ ಜಾಗ್ರತೆ ಮಾಡಬೇಕು. ಆಮೇಲೆ ತೂತನ್ನು ಮುಚ್ಚಲು ಮರೆಯಬಾರದು.

ತೀರ್ಮಾನ ಮೂರು ಬಗೆ

ಒಂದು: ಬೋಲ್ಟಿನ ಸುತ್ತ ಮಾತ್ರ ಒದ್ದೆ. ಆಗ ಕೊಳೆತದ್ದನ್ನು ಕೆರೆದು, ಪೂರಾ ಒಣಗಿಸಿ, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಹೊಸ ತೂತು ಕೊರೆದರೆ ಸಾಕು.

ಎರಡು: ಪ್ಲೈವುಡ್ ಹೆಚ್ಚಿನ ಕಡೆ ಕೊಳೆತಿದೆ, ಆದರೆ ದೋಣಿಯ ತಳ, ಪಕ್ಕ, ತಳದ ಪಟ್ಟಿಗಳು ಗಟ್ಟಿ. ಆಗ ರಿಪೇರಿ ಮಾಡಬಹುದು, ಆದರೆ ಅರ್ಧಂಬರ್ಧ ಆಗುವುದಿಲ್ಲ. ಒಳಪದರ ಕತ್ತರಿಸಿ, ಹಳೆ ಮರವನ್ನು ಪೂರ್ತಿ ತೆಗೆದು, ಹೊಸ ಮೆರೈನ್ ಪ್ಲೈವುಡ್ ಅಂಟಿಸಬೇಕು. ಪ್ಲೈವುಡ್ ಮೇಲೆ ಐಎಸ್ 710 ಎಂಬ ಗುರುತು ನೋಡಿ ಕೊಳ್ಳಬೇಕು. ಈ ಜಾತಿಯ ಪ್ಲೈ 72 ಗಂಟೆ ಕುದಿಯುವ ನೀರಿನ ಪರೀಕ್ಷೆ ತಾಳಬೇಕು. ಮನೆಯ ಕಪಾಟಿನ ಪ್ಲೈ ಇಲ್ಲಿಗೆ ಆಗದು. ಮೇಲಿನಿಂದ ಹಾಕುವ ಮ್ಯಾಟ್ ಎರಡೂ ಪಕ್ಕಗಳ ಮೇಲೆ ಅಗಲವಾಗಿ ಹತ್ತಿ ಹಿಡಿಯಬೇಕು.

ಮೂರು: ಹಲಗೆಯ ಜೊತೆಗೆ ತಳವೂ ಮೆತ್ತಗೆ, ಪಕ್ಕದಲ್ಲೂ ಬಿರುಕು. ಆಗ ಹಲಗೆಗೆ ಹಾಕಿದ ದುಡ್ಡು ನೀರಿಗೆ ಹಾಕಿದ ಹಾಗೆ. ಹೊಸ ಹಲಗೆ ಗಟ್ಟಿ ನಿಂತು, ಅದರ ಪಕ್ಕದ ಹಳೆ ಫೈಬರ್ ಹರಿಯುತ್ತದೆ. ಎಂಜಿನ್ ತೆಗೆದಿಟ್ಟು ಬೇರೆ ದೋಣಿ ನೋಡುವುದೇ ಬುದ್ಧಿವಂತಿಕೆ.

ಇನ್ನೊಂದು ಮಾತು. ಕೆಲವರು ಕೊಳೆತ ಹಲಗೆಯ ಮೇಲೆ ಅಲ್ಯೂಮಿನಿಯಂ ತಗಡು ಹೊಡೆದು ಅಥವಾ ಎರಡು ಪದರ ಮ್ಯಾಟ್ ಅಂಟಿಸಿ ಮುಗಿಸುತ್ತಾರೆ. ಅದು ಹುಣ್ಣಿನ ಮೇಲೆ ಪೌಡರ್ ಹಾಕಿದ ಹಾಗೆ. ಒಳಗಿನ ನೀರಿಗೆ ಹೊರಗೆ ಬರಲು ದಾರಿಯೇ ಇಲ್ಲ.

ಕಾಲದ ಲೆಕ್ಕ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ ಉಂಟು. 10 ಅಶ್ವಶಕ್ತಿ ತನಕದ ಎಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿ. ಅಂದರೆ ನಾಡದೋಣಿಯವರಿಗೆ ದುಡಿಯುವ ಕಾಲ ಅದೇ, ಸಮುದ್ರ ಅಬ್ಬರಿಸುವ ಕಾಲವೂ ಅದೇ. ಹಲಗೆಗೆ ಹೆಚ್ಚು ಪೆಟ್ಟು ಬೀಳುವುದೂ ಆಗಲೇ. ಮಳೆಯಲ್ಲಿ ಮರ ಒಣಗುವುದಿಲ್ಲ, ತೇವದಲ್ಲಿ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಪರೀಕ್ಷೆ ಏಪ್ರಿಲ್‌ನಲ್ಲೇ ಆಗಬೇಕು.

ನಮ್ಮ ದೊಡ್ಡಪ್ಪನ ದೋಣಿಗೆ ಈ ಪರೀಕ್ಷೆ ಆದದ್ದು ಮೇ ಕೊನೆಗೆ. ಪುಡಿ ಕಪ್ಪಗೆ ಬಂತು, ತಳ ಮಾತ್ರ ಗಟ್ಟಿ ಇತ್ತು. ಪಾಲುದಾರರು ಮೂರು ಜನ. ಒಬ್ಬರು, "ಈ ಮಳೆಗಾಲ ಒಂದು ಹೋಗ್ಲಿ ಮಾರಾಯ್ರೆ, ಆಮೇಲೆ ಕಾಣುವ" ಎಂದರು. ದೊಡ್ಡಪ್ಪ, "ಸಿಗಡಿ ನಾಳೆಯೂ ಬರ್ತದೆ, ಎಂಜಿನ್ ನೀರಿಗೆ ಬಿದ್ರೆ ನಾವು ದಡಕ್ಕೆ ಬರುದು ಹೇಗೆ?" ಎಂದರು. ಕೊನೆಗೆ ದೋಣಿಯನ್ನು ಶೆಡ್ಡಿಗೆ ಎಳೆದರು. ಹದಿನೈದು ದಿನದ ದುಡಿಮೆ ಹೋಯಿತು. ಆ ದಿನಗಳಲ್ಲಿ ಮೂರು ಮನೆಯಲ್ಲೂ ಸಾಲ ಆಯಿತು ಎಂಬುದನ್ನೂ ಹೇಳಬೇಕು. ರಿಪೇರಿಯ ಖರ್ಚು ಎಂದರೆ ಪ್ಲೈವುಡ್, ರೆಸಿನ್, ಕೂಲಿ ಮಾತ್ರ ಅಲ್ಲ. ಸಮುದ್ರಕ್ಕೆ ಹೋಗದ ದಿನಗಳೂ ಅದಕ್ಕೆ ಸೇರುತ್ತವೆ. ಆ ಮೊತ್ತವನ್ನು ಅಷ್ಟೇ ಹಳೆಯ, ಒಳ್ಳೆಯ ದೋಣಿಯ ಬೆಲೆಯ ಜೊತೆ ಇಟ್ಟು ನೋಡಬೇಕು.

ಮಕ್ಕಳಿಗೆ ಎಚ್ಚರಿಕೆ

ಫೈಬರ್ ಕೆಲಸದ ಹತ್ತಿರ ಆಟ ಬೇಡ. 1 ಕಿಲೋ ರೆಸಿನ್ನಿಗೆ ಹಾರ್ಡನರ್ ಬೇಕಾಗುವುದು 10ರಿಂದ 20 ಗ್ರಾಂ ಮಾತ್ರ. ಅದು ಕಣ್ಣಿಗೆ ಹಾರಿದರೆ ದೃಷ್ಟಿ ಹೋಗಬಹುದು. ಕೂಡಲೇ ನೀರಿನಿಂದ ತುಂಬಾ ಹೊತ್ತು ತೊಳೆದು ಆಸ್ಪತ್ರೆಗೆ ಓಡಬೇಕು. ಕೋಬಾಲ್ಟ್ ಮತ್ತು ಹಾರ್ಡನರ್ ಎರಡನ್ನೂ ನೇರವಾಗಿ ಬೆರೆಸಿದರೆ ಸಿಡಿಯುತ್ತದೆ. ಫೈಬರ್ ಉಜ್ಜುವಾಗ ಧೂಳು ಶ್ವಾಸಕ್ಕೆ ಹೋಗದಂತೆ ಮಾಸ್ಕ್ ಕಟ್ಟಬೇಕು.

ನಾವು ಏನು ಮಾಡಬಹುದು?

ದಡದಲ್ಲಿರುವ ದೋಣಿಯ ನೀರು ಖಾಲಿ ಮಾಡುವುದು, ತಾಡಪಾಲು ಹೊದಿಸುವುದು, ಸಡಿಲ ಬೋಲ್ಟ್ ಕಂಡರೆ ಮನೆಯಲ್ಲಿ ಹೇಳುವುದು. ಇಷ್ಟು ನಮ್ಮಿಂದ ಆಗುತ್ತದೆ. ಬರುವ ಭಾನುವಾರ ಒಂದು ನಾಣ್ಯ ಹಿಡಿದು ನಿಮ್ಮ ಮನೆಯ ದೋಣಿಯ ಹಲಗೆಗೆ ಬಡಿದು ನೋಡಿ. ಟಣ್ ಎಂದಿತೋ, ಡಬ್ ಎಂದಿತೋ ಒಂದು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಪಟ್ಟಿ ಮಾಡಿ ಹಾಕುತ್ತೇವೆ.

– 10ನೇ ತರಗತಿ