ತಿರುಗುವ ಸೆರೆಮನೆ

ಬೀಸುವ ಕಲ್ಲಿನ ರಚನೆಯನ್ನು ವಾಚಕರು ಬಲ್ಲರು. ನೆಟ್ಟಗೆ ನಿಂತ ಗೂಟದ ಸುತ್ತ ಭಾರವಾದ ಕಲ್ಲು ತಿರುಗುತ್ತದೆ. ಅಂಚಿನ ಹಿಡಿಯನ್ನು ಹಿಡಿದು ಒಬ್ಬರೇ ಅದನ್ನು ತಿರುಗಿಸಬಲ್ಲರು. ಮನುಷ್ಯರನ್ನು ಒಳಗಿಟ್ಟುಕೊಂಡು ಇದೇ ರೀತಿ ತಿರುಗುವ ಸೆರೆಮನೆಯನ್ನು ಕಟ್ಟಬಹುದೆ? ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅಂಥ ಪ್ರಯೋಗ ನಿಜವಾಗಿಯೂ ನಡೆಯಿತು.

ಬಂದಿಗಳಿಗೂ ಕಾವಲುಗಾರನಿಗೂ ನೇರ ಸಂಪರ್ಕವಿಲ್ಲದಂತೆ ಸೆರೆಮನೆಯನ್ನು ನಡೆಸಬೇಕೆಂಬುದು ವಿಲಿಯಂ ಬ್ರೌನ್ ಮತ್ತು ಬೆಂಜಮಿನ್ ಹಾ ಎಂಬಿಬ್ಬರ ಉದ್ದೇಶವಾಗಿದ್ದಿತು. 1881ರಲ್ಲಿ ಅವರು ತಮ್ಮ ಯೋಜನೆಗೆ ಪೇಟೆಂಟನ್ನು ಪಡೆದರು. ಮರುವರ್ಷ, ಎಂದರೆ 1882ರಲ್ಲಿ, ಇಂಡಿಯಾನಾ ಸಂಸ್ಥಾನದ ಕ್ರಾಫರ್ಡ್ಸ್‌ವಿಲ್ ಎಂಬ ಊರಿನಲ್ಲಿ ಮಾಂಟ್ಗೊಮೆರಿ ಕೌಂಟಿಯ ಸೆರೆಮನೆ ಸಿದ್ಧವಾಯಿತು. ಕೌಂಟಿ ಎಂಬುದು ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ವಿಭಾಗ. ಕಟ್ಟಡದ ಮುಂಭಾಗದಲ್ಲಿ ಷೆರಿಫನ ಮನೆ, ಹಿಂಭಾಗದಲ್ಲಿ ಬಂದೀಖಾನೆ.

ಇದರ ಒಳರಚನೆಯನ್ನು ಈಗ ಪರಿಶೀಲಿಸೋಣ. ಎರಡು ಅಂತಸ್ತುಗಳ ಉಕ್ಕಿನ ಉರುಳೆಯೊಂದನ್ನು ನೆಟ್ಟಗೆ ನಿಲ್ಲಿಸಿದೆ. ಒಂದೊಂದು ಅಂತಸ್ತಿನಲ್ಲಿ 8ರಂತೆ ಒಟ್ಟು 16 ಕೋಣೆಗಳು. ದುಂಡನೆಯ ರೊಟ್ಟಿಯನ್ನು ನಡುವಿನಿಂದ ಕೊಯ್ದ ತುಂಡುಗಳಂತೆ ಇವುಗಳ ಆಕಾರ. ಉರುಳೆಯ ಸುತ್ತಲೂ ಅಲುಗಾಡದ ಕಂಬಿಗಳ ಪಂಜರವಿದೆ. ಈ ಪಂಜರಕ್ಕೆ ಅಂತಸ್ತಿಗೆ ಒಂದೇ ಬಾಗಿಲು. ಕಾವಲುಗಾರನು ಹಿಡಿಯನ್ನು ತಿರುಗಿಸಿ, ಬೇಕಾದ ಕೋಣೆಯನ್ನು ಆ ಬಾಗಿಲಿನೆದುರಿಗೆ ತರುತ್ತಿದ್ದನು. ಉಳಿದ ಕೋಣೆಗಳ ಎದುರಿಗೆ ಕಂಬಿಗಳೇ ಇರುತ್ತಿದ್ದವು.

ಇಷ್ಟು ಭಾರವನ್ನು ಒಬ್ಬನು ತಿರುಗಿಸಲು ಹೇಗೆ ಸಾಧ್ಯ? ಉರುಳೆಯನ್ನು ಮೇಲಕ್ಕೆತ್ತಬೇಕಾಗಿಲ್ಲವಾದುದರಿಂದ ಗುರುತ್ವದ ವಿರುದ್ಧ ಕೆಲಸ ಮಾಡುವ ಪ್ರಸಂಗವಿಲ್ಲ. ಜಡತ್ವವನ್ನೂ ಘರ್ಷಣೆಯನ್ನೂ ಮೀರಿದರೆ ಸಾಕು. ಹಲ್ಲುಚಕ್ರಗಳು ಹಿಡಿಯ ಅನೇಕ ಸುತ್ತುಗಳನ್ನು ಉರುಳೆಯ ಅಲ್ಪ ಚಲನೆಯನ್ನಾಗಿ ಮಾರ್ಪಡಿಸಿ, ಕೈಯ ಬಲವನ್ನು ಹಲವು ಪಟ್ಟು ಹೆಚ್ಚಿಸುತ್ತವೆ.

ಆದರೆ ಈ ಗುಣವೇ ದೋಷವಾಗಿ ಪರಿಣಮಿಸಿತು. ಕಂಬಿಗಳ ನಡುವೆ ಬಂದಿಯ ಕೈಯೋ ಕಾಲೋ ಚಾಚಿದ್ದಾಗ ಉರುಳೆ ತಿರುಗಿದರೆ, ಅದು ಜಜ್ಜಿಹೋಗುತ್ತಿತ್ತು. ಹಲವು ಪಟ್ಟು ಹೆಚ್ಚಿದ ಬಲಕ್ಕೆ ಮೂಳೆಯ ತಡೆ ಅತ್ಯಲ್ಪ. ಹಿಡಿಯನ್ನು ಬಿಟ್ಟರೂ ಜಡತ್ವದಿಂದಾಗಿ ಭಾರವಾದ ಉರುಳೆ ಥಟ್ಟನೆ ನಿಲ್ಲದು. ಬೆಂಕಿ ಬಿದ್ದರಂತೂ ಒಂದು ಕೋಣೆಯ ಬಂದಿಗಳು ಹೊರಬರುವವರೆಗೆ ಉಳಿದವರು ಕಾಯಲೇಬೇಕು. ಯಂತ್ರ ಸಿಕ್ಕಿಕೊಂಡರೆ ಆ ದಾರಿಯೂ ಮುಚ್ಚಿದಂತೆಯೇ. ಅಯೋವಾ ಸಂಸ್ಥಾನದ ಕೌನ್ಸಿಲ್ ಬ್ಲಫ್ಸ್‌ನಲ್ಲಿ 1885ರಲ್ಲಿ ಕಟ್ಟಿದ ಮೂರು ಅಂತಸ್ತಿನ ಇಂಥದೇ ಸೆರೆಮನೆಯ ಉರುಳೆ ಸುಮಾರು 45 ಟನ್ ತೂಗುತ್ತಿತ್ತು. ಅದರ ಯಂತ್ರವೂ ಪದೇ ಪದೇ ತೊಂದರೆ ಕೊಟ್ಟಿತು.

ಕ್ರಾಫರ್ಡ್ಸ್‌ವಿಲ್‌ನ ಉರುಳೆಯನ್ನು 1930ರ ದಶಕದ ಕೊನೆಗೆ ತಿರುಗದಂತೆ ನಿಲ್ಲಿಸಲಾಯಿತು. ಸೆರೆಮನೆಯು 1973ರವರೆಗೆ ಬಳಕೆಯಲ್ಲಿದ್ದು, 1975ರಲ್ಲಿ ವಸ್ತುಸಂಗ್ರಹಾಲಯವಾಯಿತು. ಇಂದು ಅಲ್ಲಿ ಉರುಳೆಯನ್ನು ಮತ್ತೆ ತಿರುಗಿಸಿ ತೋರಿಸುತ್ತಾರೆ, ಒಳಗೆ ಬಂದಿಗಳಿಲ್ಲ.

ಬ್ರೌನ್ ಮತ್ತು ಹಾ ಅವರ ಗಣಿತದಲ್ಲಿ ತಪ್ಪಿರಲಿಲ್ಲ. ಉರುಳೆ ತಿರುಗಿಯೇ ತಿರುಗಿತು. ಕಾವಲುಗಾರನ ಸುರಕ್ಷತೆಯನ್ನು ಲೆಕ್ಕ ಹಾಕಿದವರು, ಕಂಬಿಗಳಾಚೆಗೆ ಕೈಚಾಚಬಹುದಾದ ಮನುಷ್ಯನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಂತ್ರಶಾಸ್ತ್ರವನ್ನು ಅಭ್ಯಸಿಸುವ ನಾವು ಮರೆಯಬಾರದ ಸಂಗತಿಯಿದು.